ಹಣವಿಲ್ಲದೆ ಕಾಲಯಾನದ ಸಿನಿಮಾ ಮಾಡಬಹುದೇ?

ಪ್ರಶ್ನೆ: ನನ್ನ ಬಳಿ ಇರುವುದು ಒಂದು ಮೊಬೈಲ್, ಇಬ್ಬರು ಗೆಳೆಯರು, ಮುಂದಿನ ಶತಮಾನದಲ್ಲಿ ನಡೆಯುವ ಒಂದು ಕಥೆ. ಗ್ರಾಫಿಕ್ಸ್‌ಗೆ ಬಿಡಿಗಾಸೂ ಇಲ್ಲ. ಇದನ್ನು ಸಿನಿಮಾ ಮಾಡಲು ಸಾಧ್ಯವೇ, ಆಸೆ ಬಿಟ್ಟುಬಿಡಬೇಕೇ?
– ಬಂಗಾರಪೇಟೆಯ ಓದುಗರೊಬ್ಬರು

ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಖಂಡಿತ ಸಾಧ್ಯ. ಅರವತ್ತು ವರ್ಷಗಳ ಹಿಂದೆಯೇ ಒಬ್ಬರು ಮಾಡಿ ತೋರಿಸಿದ್ದಾರೆ, ಅದೂ ಬಹುಪಾಲು ಬರೀ ಫೋಟೊಗಳನ್ನು ಜೋಡಿಸಿ.

ಚಿತ್ರದ ಹೆಸರು ‘ಲಾ ಜೆಟೆ’. 1962ರ ಫ್ರೆಂಚ್ ಚಿತ್ರ. ಕಪ್ಪು ಬಿಳುಪು, 28 ನಿಮಿಷ. ಮಾಡಿದವರು ಕ್ರಿಸ್ ಮಾರ್ಕರ್. ಶೀರ್ಷಿಕೆಯ ಕೆಳಗೆ ಅವರೇ ಇದನ್ನು ‘ಫೋಟೊ ಕಾದಂಬರಿ’ ಎಂದು ಕರೆದುಕೊಂಡಿದ್ದಾರೆ. ಆ ದಿನಗಳಲ್ಲಿ ಅವರು ಪ್ಯಾರಿಸ್ ನಗರದ ಬಗ್ಗೆ ದೊಡ್ಡ ಸಾಕ್ಷ್ಯಚಿತ್ರವೊಂದರ ಕೆಲಸದಲ್ಲಿದ್ದರು. ತಂಡಕ್ಕೆ ರಜೆ ಸಿಕ್ಕಾಗ ಪೆಂಟಾಕ್ಸ್ ಕ್ಯಾಮೆರಾ ಹಿಡಿದು ಈ ಕಥೆಯ ಫೋಟೊ ತೆಗೆಯುತ್ತಿದ್ದರು.

ಕಥೆ ಹೀಗಿದೆ. ಒಬ್ಬ ಹುಡುಗ ಭಾನುವಾರ ಪ್ಯಾರಿಸ್‌ನ ಒರ್ಲಿ ವಿಮಾನ ನಿಲ್ದಾಣದ ಕಟ್ಟೆಯ ಮೇಲೆ ನಿಂತು ವಿಮಾನ ನೋಡುತ್ತಿರುವಾಗ ಒಬ್ಬ ಹೆಂಗಸಿನ ಮುಖ ಕಾಣುತ್ತದೆ, ಮರುಗಳಿಗೆ ಅಲ್ಲಿ ಒಂದು ಸಾವು. ಆ ಮುಖ ಅವನ ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುತ್ತದೆ. ಮುಂದೆ ಮೂರನೆಯ ಮಹಾಯುದ್ಧ ನಡೆದು ನಗರ ಹಾಳಾಗುತ್ತದೆ. ವಿಕಿರಣಕ್ಕೆ ಹೆದರಿ ಬದುಕುಳಿದವರು ನೆಲಮಾಳಿಗೆ ಸೇರುತ್ತಾರೆ. ಅನ್ನ, ಔಷಧ, ಇಂಧನ ತರಲು ಉಳಿದಿರುವ ದಾರಿ ಕಾಲದ ಮೂಲಕ ಮಾತ್ರ. ಒಂದು ಹಳೆಯ ನೆನಪನ್ನು ಗಟ್ಟಿಯಾಗಿ ಹಿಡಿದುಕೊಂಡವನಷ್ಟೇ ಆ ಪಯಣವನ್ನು ತಾಳಿಕೊಂಡಾನು ಎಂದು ಕೈದಿಯಾಗಿದ್ದ ಇವನನ್ನೇ ಆರಿಸುತ್ತಾರೆ. ಕೊನೆಯನ್ನು ನಾನು ಹೇಳುವುದಿಲ್ಲ. ನೀವೇ ನೋಡಬೇಕು.

ಈ ಕಾಲಯಾನದ ಯಂತ್ರ ಹೇಗಿದೆ ಗೊತ್ತೇ? ಒಂದು ಜೋಲಿ, ಒಂದು ಚುಚ್ಚುಮದ್ದು, ಕಣ್ಣಿನ ಮೇಲೆ ಕಟ್ಟಿದ ಪಟ್ಟಿ, ಅದರಿಂದ ಹೊರಟ ಕೆಲವು ತಂತಿಗಳು. ಅಷ್ಟೇ. ಸುತ್ತ ನಿಂತವರು ಜರ್ಮನ್ ಭಾಷೆಯಲ್ಲಿ ಪಿಸುಗುಟ್ಟುತ್ತಾರೆ, ಎದೆಬಡಿತ ಕೇಳಿಸುತ್ತದೆ. ಆ ಸದ್ದಿನಿಂದಲೇ ನಮಗೆ ಮೈ ಜುಮ್ಮೆನ್ನುತ್ತದೆ. ಉಳಿದ ಭಾರವನ್ನೆಲ್ಲ ಒಬ್ಬರೇ ನಿರೂಪಕರ ದನಿ ಹೊರುತ್ತದೆ. ಪಾತ್ರಗಳ ನಡುವೆ ಸಂಭಾಷಣೆ ಇಲ್ಲ, ತುಟಿ ಚಲನೆಗೆ ಮಾತು ಹೊಂದಿಸುವ ತಾಪತ್ರಯವೂ ಇಲ್ಲ.

ಒಂದು ದೃಶ್ಯವನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಆ ಹೆಂಗಸು ಹಾಸಿಗೆಯಲ್ಲಿ ಮಲಗಿದ್ದಾಳೆ. ಒಂದು ಫೋಟೊ ಕರಗಿ ಇನ್ನೊಂದು ಮೂಡುತ್ತದೆ. ತಲೆ ತುಸು ಹೊರಳಿದೆ, ಕೈ ಬೇರೆ ಕಡೆ ಇದೆ. ಹಕ್ಕಿಗಳ ಚಿಲಿಪಿಲಿ ಏರುತ್ತಾ ಹೋಗುತ್ತದೆ. ಫೋಟೊಗಳು ಒಂದರ ಹಿಂದೊಂದು ಬೇಗ ಬೇಗ ಕರಗುತ್ತವೆ. ಆಗ ಆಕೆ ಕಣ್ಣು ತೆರೆದು ನಮ್ಮತ್ತ ನೋಡಿ ರೆಪ್ಪೆ ಬಡಿಯುತ್ತಾಳೆ. ಇಡೀ ಚಿತ್ರದಲ್ಲಿ ನಿಜವಾಗಿ ಚಲಿಸುವುದು ಆ ಕೆಲವು ಸೆಕೆಂಡುಗಳು ಮಾತ್ರ. ಅಷ್ಟಕ್ಕಾಗಿ ಮಾರ್ಕರ್ ಒಂದು ಮೂವಿ ಕ್ಯಾಮೆರಾವನ್ನು ಎರವಲು ತಂದಿದ್ದರು. ನಾನು ಮೊದಲ ಸಲ ನೋಡಿದಾಗ ಉಸಿರು ಹಿಡಿದಿದ್ದೆ. ರೆಪ್ಪೆ ಬಡಿಯುವುದೆಂದರೆ ಏನೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ ಅನ್ನಿಸಿತು. ಮೊದಲಿನಿಂದಲೂ ಎಲ್ಲವೂ ಓಡುತ್ತಿದ್ದರೆ ಆ ಕಣ್ಣನ್ನು ಯಾರು ಗಮನಿಸುತ್ತಿದ್ದರು?

ಈ ಚಿತ್ರಕ್ಕೆ ಫ್ರಾನ್ಸಿನ ಜ್ಯಾ ವಿಗೊ ಪ್ರಶಸ್ತಿ ಬಂತು. 1995ರಲ್ಲಿ ಹಾಲಿವುಡ್ ಇದರ ಪ್ರೇರಣೆಯಿಂದಲೇ ದೊಡ್ಡ ತಾರೆಯರನ್ನು ಹಾಕಿ ‘ಟ್ವೆಲ್ವ್ ಮಂಕೀಸ್’ ತೆಗೆಯಿತು.

ಇನ್ನು ನಿಮ್ಮ ಊರಿಗೆ ಬರೋಣ. ಮಾರ್ಕರ್ ನೆಲದಡಿಯ ಪ್ರಯೋಗವನ್ನು ಕಲ್ಪಿಸಿಕೊಳ್ಳಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ಅದು ನಡೆದೇ ಹೋಗಿದೆ. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಜಾಡು ಹಿಡಿದರು. ಅಷ್ಟು ದಪ್ಪ ಬಂಡೆ ಬೇರೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ನ್ಯೂಟ್ರಿನೊ ಸಲೀಸಾಗಿ ತೂರಿ ಬರುತ್ತದೆ. ಜಗತ್ತಿನಲ್ಲಿ ಇಂಥ ಪತ್ತೆ ಆದದ್ದು ಅದೇ ಮೊದಲ ಬಾರಿಗೆ, ಅದೇ ವರ್ಷ, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಮತ್ತು ಇಲ್ಲಿ. ಇದನ್ನು ನಮ್ಮ ಮಕ್ಕಳಿಗೆ ನಾವು ಸಾಕಷ್ಟು ಹೇಳಿಲ್ಲ ಎಂಬ ನೋವು ನನಗಿದೆ. ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಅದಿರಿನಿಂದ ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ರಾಶಿಗಳು, ಅಂದರೆ ಸೈನೈಡ್ ದಿಬ್ಬಗಳು, ಬೇರೆ ಗ್ರಹದ ನೆಲದಂತೆ ಕಾಣುತ್ತವೆ. ಆದರೆ ದಯವಿಟ್ಟು ಆ ದಿಬ್ಬ ಹತ್ತಬೇಡಿ, ಗಣಿಗಿಳಿಯುವ ಹಳೆಯ ಬಾವಿಗಳಾದ ಶಾಫ್ಟ್‌ಗಳ ಹತ್ತಿರ ಹೋಗಬೇಡಿ. ಧೂಳು ಒಳ್ಳೆಯದಲ್ಲ, ನೆಲವನ್ನು ನಂಬುವಂತಿಲ್ಲ. ದೂರದ ರಸ್ತೆಯಿಂದ ಸಂಜೆ ಬೆಳಕಿನಲ್ಲಿ ತೆಗೆದ ಒಂದು ಫೋಟೊ ಸಾಕು.

ಮಾಡುವ ಬಗೆ ಹೇಳುತ್ತೇನೆ. ಮೊದಲು ನಿರೂಪಣೆ ಬರೆಯಿರಿ. ಮೂರು ಪುಟ ಮೀರದಿರಲಿ. ಗಟ್ಟಿಯಾಗಿ ಓದಿ ನೋಡಿ, ನಾಲಿಗೆ ತೊಡರುವ ಕಡೆ ತಿದ್ದಿ. ರಾತ್ರಿ ಊರು ಮಲಗಿದ ಮೇಲೆ ಫ್ಯಾನ್ ಆರಿಸಿ, ತಲೆಯ ಮೇಲೆ ದಪ್ಪ ಕಂಬಳಿ ಹೊದ್ದು ಮೊಬೈಲಿನಲ್ಲೇ ದನಿ ಮುದ್ರಿಸಿ. ಗೋಡೆಯ ಪ್ರತಿಧ್ವನಿ ತಗ್ಗುತ್ತದೆ. ಫೋಟೊ ತೆಗೆಯುವುದು ಆಮೇಲೆ. ಎಷ್ಟು ಹೊತ್ತು ಒಂದು ಚಿತ್ರ ನಿಲ್ಲಬೇಕೆಂಬುದನ್ನು ದನಿಯೇ ಹೇಳಿಕೊಡುತ್ತದೆ. ಸದ್ದುಗಳನ್ನು ಊರಿನಲ್ಲೇ ಹೆಕ್ಕಿಕೊಳ್ಳಿ: ಕೊಳವೆಬಾವಿ ಕೊರೆಯುವ ಲಾರಿಯ ಮೊರೆತ, ರೇಷ್ಮೆಹುಳುಗಳು ಸೊಪ್ಪು ಮೇಯುವಾಗ ಮಳೆ ಹನಿದಂತೆ ಕೇಳುವ ಸರಸರ. ಎರಡನೆಯದನ್ನು ಮುಚ್ಚಿದ ಕೋಣೆಯ ಫೋಟೊ ಜೊತೆ ಕೇಳಿಸಿ ನೋಡಿ.

ನಮ್ಮ ಮನೆಯಲ್ಲಿ ನನ್ನ ಸೋದರಮಾವನ ಒಂದೇ ಒಂದು ಫೋಟೊ ಇದೆ. ಗಣಿಗಿಳಿಯುವ ಮುಂಚೆ, ತಲೆಗೆ ಟೊಪ್ಪಿ, ಟೊಪ್ಪಿಗೆ ದೀಪ, ಕಣ್ಣು ಅರೆ ಮುಚ್ಚಿದೆ. ಚಿಕ್ಕವನಿದ್ದಾಗ ಅದರ ಮುಂದೆ ನಿಂತು, ಈಗ ತೆರೆಯುತ್ತಾನೆ, ಈಗ ತೆರೆಯುತ್ತಾನೆ ಎಂದು ಕಾಯುತ್ತಿದ್ದೆ. ನಿಮ್ಮ ಮನೆಯ ಗೋಡೆಯ ಮೇಲೂ ಅಂಥದ್ದೊಂದು ಇರುತ್ತದೆ. ನಿರೂಪಣೆಯ ಮೊದಲ ವಾಕ್ಯವನ್ನು ಅದರ ಎದುರು ಕುಳಿತು ಬರೆಯಿರಿ. ಬರೆದದ್ದನ್ನು ನನಗೆ ಕಳುಹಿಸಿ, ಓದುತ್ತೇನೆ.