ನೀರಿನೊಳಗೆ ಹಾರಿಸಿದ ಗುಂಡು ಎಷ್ಟು ದೂರ ಹೋಗುತ್ತದೆ?

ಪ್ರಶ್ನೆ: ಸಮುದ್ರದಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯುವವರು ಶಾರ್ಕ್‌ನಿಂದ ರಕ್ಷಣೆಗೆಂದು ಜೊತೆಯಲ್ಲೊಂದು ಪಿಸ್ತೂಲನ್ನು ಏಕೆ ಇಟ್ಟುಕೊಳ್ಳುವುದಿಲ್ಲ? ನೀರಿನಲ್ಲಿ ಅದು ಸಿಡಿಯುವುದೇ ಇಲ್ಲವೇ?

ಕಾರವಾರದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ದಿನಗಳಿಂದಲೂ ಈ ಪ್ರಶ್ನೆಗೆ ಉತ್ತರ ಹೇಳುತ್ತಲೇ ಬಂದಿದ್ದೇನೆ. ನೇತ್ರಾಣಿ ದ್ವೀಪದ ಬಳಿ ಮುಳುಗಿ ಬಂದವರೂ ಕೇಳುತ್ತಾರೆ, ಬೈತಖೋಲ ಬಂದರಿನಲ್ಲಿ ಬಲೆಗೆ ಬಿದ್ದ ಮೋರಿಯ, ಅಂದರೆ ಶಾರ್ಕ್‌ನ, ಹಲ್ಲು ನೋಡಿದ ಮಕ್ಕಳೂ ಕೇಳುತ್ತಾರೆ. ಈ ಸಲ ಬಿಡಿಸಿಯೇ ಬರೆಯುತ್ತೇನೆ.

ಸಿಡಿಯುತ್ತದೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟದ ಮನೆಗಳಲ್ಲಿ ಕೇಪಿನ ಕೋವಿ ಕಂಡವರಿಗೆ ಮದ್ದು ನೆನೆದರೆ ಕೋವಿ ಕೈಕೊಡುತ್ತದೆಂಬುದು ಗೊತ್ತು. ನೀರಿನಲ್ಲಿ ಬಂದೂಕು ಸಿಡಿಯದೆಂಬ ನಂಬಿಕೆಗೆ ಅದೇ ಮೂಲವಿರಬೇಕು. ಆದರೆ ಇಂದಿನ ತೋಟಾದಲ್ಲಿ ಮದ್ದು ಹಿತ್ತಾಳೆಯ ಕೊಳವೆಯೊಳಗೆ ಭದ್ರವಾಗಿರುತ್ತದೆ, ಉರಿಯಲು ಬೇಕಾದ ಆಮ್ಲಜನಕವೂ ಮದ್ದಿನಲ್ಲೇ ಇರುತ್ತದೆ. ಹೊರಗಿನ ಗಾಳಿಯ ಹಂಗು ಅದಕ್ಕಿಲ್ಲ.

ಎಷ್ಟು ಹೇಳಿದರೂ ಅಳಿಯದ ತಪ್ಪು ಕಲ್ಪನೆ ಬೇರೆಯೇ ಇದೆ. ಸಿಡಿದ ಮೇಲೆ ಗುಂಡು ಸಿನಿಮಾದಲ್ಲಿ ತೋರಿಸುವ ಹಾಗೆ ಗುಳ್ಳೆಗಳ ಗೆರೆ ಎಳೆಯುತ್ತ ಹತ್ತಿಪ್ಪತ್ತು ಮೀಟರ್ ಸಾಗಿ ಶಾರ್ಕ್‌ಗೆ ನಾಟುತ್ತದೆ ಎಂದು ಓದಿದವರೂ ನಂಬಿದ್ದಾರೆ. ಇದನ್ನು ಒಂದು ಸಣ್ಣ ಲೆಕ್ಕದಿಂದ ಬಗೆಹರಿಸಬಹುದು, ದಯವಿಟ್ಟು ಕಾಗದದ ಮೇಲೆ ಮಾಡಿ ನೋಡಿ. 9 ಮಿಲಿಮೀಟರ್ ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ ತೂಗುತ್ತದೆ. ಮುಂದೆ ಸಾಗಬೇಕಾದರೆ ಅದು ತನ್ನೆದುರಿನ ವಸ್ತುವನ್ನು ಪಕ್ಕಕ್ಕೆ ಸರಿಸಲೇಬೇಕು, ಸರಿಸಿದಷ್ಟೂ ವೇಗ ಕಳೆದುಕೊಳ್ಳುತ್ತದೆ. ಗಾಳಿಯಲ್ಲಿ ತನ್ನಷ್ಟೇ ತೂಕದ, ಅಂದರೆ 8 ಗ್ರಾಂ ಗಾಳಿಯನ್ನು ಸರಿಸುವಷ್ಟರಲ್ಲಿ ಅದು ಸುಮಾರು 100 ಮೀಟರ್ ದಾಟಿರುತ್ತದೆ. ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರವಾದುದರಿಂದ, ಅಷ್ಟೇ ತೂಕದ ನೀರನ್ನು ಸರಿಸುವ ಹೊತ್ತಿಗೆ ಅದು ಸಾಗಿರುವುದು ಹನ್ನೆರಡೋ ಹದಿಮೂರೋ ಸೆಂಟಿಮೀಟರ್, ಒಂದು ಗೇಣೂ ಅಲ್ಲ. ಗೇಣುಗೇಣಿಗೂ ಹೀಗೆ ವೇಗ ಸೋರಿಹೋಗುವ ಗುಂಡಿಗೆ ಎರಡು ಮೂರು ಮೀಟರಿನಾಚೆ ಕೊಲ್ಲುವ ಕಸುವು ಉಳಿಯುವುದಿಲ್ಲ.

ಹಾಗಾದರೆ ಇನ್ನೂ ಬಲವಾದ ರೈಫಲ್ ಒಯ್ಯೋಣ ಎಂಬ ಮಾತು ತಕ್ಷಣ ಬರುತ್ತದೆ. ನೀರಿನ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಶಬ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗದ ರೈಫಲ್ ಗುಂಡು ನೀರಿಗೆ ಹೊಕ್ಕ ಕೂಡಲೇ ಆ ಹೊಡೆತ ತಾಳಲಾರದೆ, ಹಲವು ಸಲ ಒಂದು ಮೀಟರಿನೊಳಗೇ ಚೂರುಚೂರಾಗುತ್ತದೆ. ನಿಧಾನವಾದ ಪಿಸ್ತೂಲಿನ ಗುಂಡೇ ಅದಕ್ಕಿಂತ ಮುಂದೆ ಹೋಗುತ್ತದೆ. ನಳಿಕೆಯೊಳಗಿನ ಸುರುಳಿ ಗೆರೆಗಳು ಗುಂಡಿಗೆ ಕೊಡುವ ತಿರುಗಾಟ ಗಾಳಿಗೆ ಸಾಕು, ನೀರಿಗೆ ಸಾಲದು, ಆದ್ದರಿಂದ ಗುಂಡು ಅಡ್ಡಡ್ಡ ಹೊರಳುತ್ತದೆ. ಇದರ ಮೇಲೆ ನಳಿಕೆಯಲ್ಲಿ ತುಂಬಿದ ನೀರನ್ನೂ ಗುಂಡೇ ನೂಕಬೇಕಾದ್ದರಿಂದ ಒಳಗಿನ ಒತ್ತಡ ಏರಿ, ನಳಿಕೆಯೇ ಸೀಳಿ ಹಿಡಿದವರ ಕೈಗೆ ಅಪಾಯವಾಗಬಹುದು.

ಅದೇ ನೀರಿನಲ್ಲಿ ಈಟಿ ಹೇಗೆ ಕೆಲಸ ಮಾಡುತ್ತದೆ ಎಂದು ತರಗತಿಯಲ್ಲಿ ಯಾರಾದರೂ ಕೇಳಿದ ದಿನ ನನಗೆ ನಿಜವಾಗಿ ಸಂತೋಷವಾಗುತ್ತಿತ್ತು. ಉಕ್ಕು ನೀರಿನ ಸುಮಾರು 7.8 ಪಟ್ಟು ಸಾಂದ್ರ. 1.3 ಮೀಟರ್ ಉದ್ದದ ಈಟಿ ತನ್ನ ತೂಕದಷ್ಟು ನೀರನ್ನು ಸರಿಸಬೇಕಾದರೆ ಹತ್ತು ಮೀಟರ್ ಸಾಗಬೇಕು. ಅದಕ್ಕೆ ಮದ್ದು ಬೇಡ, ರಬ್ಬರಿನ ಎಳೆತವೇ ಸಾಕು. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟದವರು ತಮ್ಮ ಮುಳುಗು ಸೈನಿಕರಿಗೆಂದು ರೂಪಿಸಿದ ಎಪಿಎಸ್ ಬಂದೂಕಿನಲ್ಲೂ ಇದೇ ಉಪಾಯವಿತ್ತು: ಮೊಂಡು ಗುಂಡಿನ ಬದಲು 120 ಮಿಲಿಮೀಟರ್ ಉದ್ದದ ಉಕ್ಕಿನ ಕಡ್ಡಿ. ಅದರ ವ್ಯಾಪ್ತಿ ಕೂಡ 5 ಮೀಟರ್ ಆಳದಲ್ಲಿ ಸುಮಾರು 30 ಮೀಟರ್ ಇದ್ದದ್ದು, ನೀರಿನ ಒತ್ತಡ ಹೆಚ್ಚಿರುವ 40 ಮೀಟರ್ ಆಳದಲ್ಲಿ 11 ಮೀಟರಿಗೆ ಇಳಿಯುತ್ತದೆ.

ಬಂದೂಕಿನ ಮದ್ದನ್ನು ಶಾರ್ಕ್ ವಿರುದ್ಧ ನೀರಿನೊಳಗೆ ಬಳಸುವ ಸಾಧನವೊಂದು ಆಸ್ಟ್ರೇಲಿಯಾ, ಅಮೆರಿಕಗಳಲ್ಲಿದೆ, ಬ್ಯಾಂಗ್‌ಸ್ಟಿಕ್ ಎನ್ನುತ್ತಾರೆ. ಕೋಲಿನ ತುದಿಯ ಪುಟ್ಟ ಕೊಳವೆಯಲ್ಲಿ ತೋಟಾ ಇರುತ್ತದೆ. ತುದಿಯನ್ನು ಮೀನಿನ ಮೈಗೆ ಒತ್ತಿ ಚುಚ್ಚಿದಾಗಲೇ ಅದು ಸಿಡಿದು, ಗುಂಡಿನ ಜೊತೆಗೆ ಮದ್ದಿನ ಬಿಸಿ ಅನಿಲವೂ ನೇರವಾಗಿ ಮೈಯೊಳಗೆ ನುಗ್ಗುತ್ತದೆ. ನಡುವೆ ನೀರಿಲ್ಲದಿರುವುದೇ ಅದರ ಗುಟ್ಟು. ಆದರೆ ಶಾರ್ಕ್ ಕೋಲಿನ ಉದ್ದದಷ್ಟು ಹತ್ತಿರ ಬರುವವರೆಗೆ ಕಾಯಬೇಕು. ಅಪಾಯವನ್ನು ದೂರದಲ್ಲೇ ತಡೆಯುವುದಕ್ಕಲ್ಲವೇ ಬಂದೂಕು ಬೇಕೆನಿಸಿದ್ದು? ನೀರು ಆ ದೂರವನ್ನೇ ಕಸಿದುಕೊಳ್ಳುತ್ತದೆ.

ಈಟಿ ಬೇಟೆಯವರ ಬಳಿ ಶಾರ್ಕ್ ಸುಳಿಯುವುದು ಗಾಯಗೊಂಡ ಮೀನಿನ ಒದ್ದಾಟಕ್ಕೆ, ರಕ್ತಕ್ಕೆ. ಹೊಡೆದ ಮೀನನ್ನು ಸೊಂಟಕ್ಕೆ ಕಟ್ಟಿಕೊಂಡು ಈಜುವುದನ್ನು ಬಿಟ್ಟು ಕೂಡಲೇ ದೋಣಿಗೆ ಹಾಕುವುದು, ಶಾರ್ಕ್ ಪಟ್ಟುಹಿಡಿದರೆ ಮೀನನ್ನು ಬಿಟ್ಟುಕೊಟ್ಟು ಅದರ ಮೇಲೆ ಕಣ್ಣಿಟ್ಟೇ ಹಿಂದೆ ಸರಿಯುವುದು, ಜೊತೆಗಾರನಿಲ್ಲದೆ ನೀರಿಗಿಳಿಯದಿರುವುದು ಅನುಭವಿಗಳ ರೂಢಿ. ನೇತ್ರಾಣಿಯ ಸುತ್ತ ಒಮ್ಮೊಮ್ಮೆ ಕಾಣುವ, ಗಾತ್ರದಿಂದಲೇ ಎದೆ ನಡುಗಿಸುವ ತಿಮಿಂಗಿಲ ಶಾರ್ಕ್ ಸೂಕ್ಷ್ಮ ಜೀವಿಗಳನ್ನೂ ಸಣ್ಣ ಮೀನುಗಳನ್ನೂ ಸೋಸಿ ತಿನ್ನುವ ಸಾಧು ಪ್ರಾಣಿ. 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವ ಅದನ್ನು ಕೊಲ್ಲುವುದು ಅಪರಾಧ.

ದೋಣಿಯ ಮೇಲಿಂದ ಹೊಡೆದರೇನು ಎಂದು ಯಾರೂ ಕೇಳಿಲ್ಲವಾದರೂ ಮುಂದಿನ ಸಲ ಕೇಳಿಯೇ ಕೇಳುತ್ತಾರೆ. ಸದಾಶಿವಗಡದ ಬಳಿ ಕಾಳಿ ನದಿಯ ತಿಳಿನೀರಿನಲ್ಲಿ ಈಟಿ ಹಿಡಿದು ನಿಂತಿದ್ದ ಅಜ್ಜರೊಬ್ಬರು, ಮೀನಿದ್ದ ಜಾಗಕ್ಕೆ ನಾನು ಬೆರಳು ತೋರಿಸಿದಾಗ, "ಮೀನು ಕಂಡಲ್ಲಿ ಇರುದಿಲ್ಲ ಮಾಸ್ತರ್ರೆ, ಅದ್ರ ಕೆಳಗಿರ್ತದೆ" ಎಂದು ತಿದ್ದಿದ್ದರು. ನೇರ ಮೇಲಿನಿಂದ ನೋಡಿದರೂ 2 ಮೀಟರ್ ಆಳದ ಶಾರ್ಕ್ ಒಂದೂವರೆ ಮೀಟರ್ ಆಳದಲ್ಲಿದ್ದಂತೆ ತೋರುತ್ತದೆ, ಓರೆಯಾಗಿ ನೋಡಿದರೆ ಇನ್ನೂ ಮೇಲೆ. ಓರೆಯಾಗಿ ಹೊಡೆದಾಗಲಂತೂ, ನಾವು ತೀರದಲ್ಲಿ ಎಸೆದ ಚಪ್ಪಟೆ ಕಲ್ಲು ಕುಪ್ಪಳಿಸುವಂತೆಯೇ, ಗುಂಡು ನೀರಿನ ಮೇಲ್ಮೈಯಿಂದ ಪುಟಿದು ಗಾಳಿಯಲ್ಲೇ ಮುಂದೆ ಹೋಗಬಹುದು. ಅಲ್ಲಿ ಅದನ್ನು ತಡೆಯಲು ನೀರಿಲ್ಲ, ಅದೇ ದಿಕ್ಕಿನಲ್ಲಿ ಬಲೆ ಎಳೆಯುತ್ತಿರುವ ಇನ್ನೊಂದು ದೋಣಿ ಇರಬಹುದು.