ಸಂಕಷ್ಟಿ ದಿನ ಕ್ಯಾಲೆಂಡರ್ ಹೇಳಿದ ಹೊತ್ತಿಗೆ ಚಂದ್ರ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ನಮ್ಮದು ಕೊಪ್ಪಳ. ಪ್ರತಿ ತಿಂಗಳು ಸಂಕಷ್ಟಿ ಉಪವಾಸ ಮಾಡುತ್ತೇನೆ. ಗೋಡೆ ಕ್ಯಾಲೆಂಡರ್‌ನಲ್ಲಿ ಚಂದ್ರೋದಯ ಎಂದು ಬರೆದ ಟೈಮಿಗೆ ಮಾಳಿಗೆ ಹತ್ತಿದರೆ ಚಂದ್ರ ಇರುವುದೇ ಇಲ್ಲ. ಒಮ್ಮೊಮ್ಮೆ ಅರ್ಧ ತಾಸು ಕಾಯಬೇಕು. ಕೆಲವು ತಿಂಗಳು ಮಾತ್ರ ಬೇಗ ಕಾಣುತ್ತಾನೆ. ಕ್ಯಾಲೆಂಡರ್ ತಪ್ಪಾ?

ಉತ್ತರ: ತಪ್ಪಲ್ಲ. ಆದರೆ ಕ್ಯಾಲೆಂಡರ್ ಹೇಳುವ ಚಂದ್ರೋದಯ ಬೇರೆ, ನಿಮ್ಮ ಮಾಳಿಗೆಯ ಚಂದ್ರೋದಯ ಬೇರೆ. ನಮ್ಮ ಅವ್ವನೂ ಸಂಕಷ್ಟಿ ಮಾಡುತ್ತಿದ್ದಳು. ದಿನವಿಡೀ ಬರೀ ಹೊಟ್ಟೆಯಲ್ಲಿದ್ದು, ಆರತಿ ತಟ್ಟೆ ಹಿಡಿದು, "ಬಂದನೇನು ನೋಡು" ಎಂದು ನನ್ನನ್ನು ಮತ್ತೆ ಮತ್ತೆ ಮೇಲೆ ಕಳಿಸುತ್ತಿದ್ದಳು. ಹಸಿದವರಿಗೆ ಅರ್ಧ ತಾಸು ಸಣ್ಣದಲ್ಲ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಚಂದ್ರನ ಮೇಲಂಚು ದಿಗಂತದಲ್ಲಿ ಕಾಣುವ ಗಳಿಗೆಯೇ ಲೆಕ್ಕದ ಚಂದ್ರೋದಯ. ಆ ಲೆಕ್ಕದಲ್ಲಿ ಗುಡ್ಡ, ಮರ, ಎದುರು ಮನೆ ಯಾವುದೂ ಇಲ್ಲ. ಎಲ್ಲಾ ಕಡೆ ಬಟಾಬಯಲು. ಕೊಪ್ಪಳ ಹಾಗಿಲ್ಲ ಅಲ್ವಾ? ಊರ ಸುತ್ತ ಕಲ್ಲುಗುಡ್ಡಗಳು. ಕೋಟೆ ಗುಡ್ಡದ ಪಡುವಣ ಬುಡದಲ್ಲಿ ಮನೆ ಇದ್ದವರಿಗೆ ಚಂದ್ರ ಗುಡ್ಡ ಹತ್ತಿ ಇಣುಕಿದ ಮೇಲೆಯೇ ದರ್ಶನ.

ಎಷ್ಟು ತಡ ಎಂದು ನೀವೇ ಅಳೆಯಬಹುದು. ಮೂಡಣಕ್ಕೆ ಮುಖ ಮಾಡಿ ಕೈಯನ್ನು ನೇರ ಮುಂದೆ ಚಾಚಿ. ನಡುವಿನ ಮೂರು ಬೆರಳು ಜೋಡಿಸಿ ಅಡ್ಡ ಹಿಡಿಯಿರಿ. ಅವುಗಳ ಅಗಲ ಆಕಾಶದಲ್ಲಿ ಸುಮಾರು 5 ಡಿಗ್ರಿ. ಎದುರಿನ ಗುಡ್ಡವೋ ಕಟ್ಟಡವೋ ಮೂರು ಬೆರಳಿನಷ್ಟು ಎತ್ತರ ಕಂಡರೆ ಚಂದ್ರ ಸುಮಾರು 20 ನಿಮಿಷ ತಡ. ಒಂದು ಮುಷ್ಟಿಯಷ್ಟು, ಅಂದರೆ 10 ಡಿಗ್ರಿ ಇದ್ದರೆ 40 ನಿಮಿಷಕ್ಕೂ ಜಾಸ್ತಿ. ನೀವು ಕಾಯುವ ಅರ್ಧ ತಾಸು ಬಹುಪಾಲು ಇಲ್ಲೇ ಇದೆ.

ಕೆಲವು ತಿಂಗಳು ಬೇಗ ಕಾಣುವುದು ಯಾಕೆಂದರೆ, ಚಂದ್ರ ಹುಟ್ಟುವ ಜಾಗವೇ ಸರಿಯುತ್ತಿರುತ್ತದೆ. ಹುಣ್ಣಿಮೆ ಚಂದ್ರ ಸೂರ್ಯನಿಗೆ ಎದುರಾಗಿರುತ್ತಾನೆ. ಜೂನ್ ಸುಮಾರಿನ ಕಾರಹುಣ್ಣಿಮೆ ಹೊತ್ತಿಗೆ ಸೂರ್ಯ ಬಡಗಣಕ್ಕೆ ವಾಲಿರುತ್ತಾನೆ, ಚಂದ್ರ ಆಗ್ನೇಯದ ಕಡೆ ಹುಟ್ಟುತ್ತಾನೆ. ಜನವರಿ ಸುಮಾರಿನ ಬನದ ಹುಣ್ಣಿಮೆಗೆ ಇದು ತಿರುವುಮುರುವು, ಚಂದ್ರ ಈಶಾನ್ಯದ ಕಡೆಗೆ. ಸಂಕಷ್ಟಿ ಬರುವ ಹೊತ್ತಿಗೆ ಇನ್ನೂ ಸ್ವಲ್ಪ ಸರಿದಿರುತ್ತಾನೆ. ಒಂದು ತಿಂಗಳು ಗುಡ್ಡದ ಹಿಂದೆ, ಇನ್ನೊಂದು ತಿಂಗಳು ಬಯಲಿನ ಕಡೆ.

ಇನ್ನೊಂದು ಸಣ್ಣ ಕಾರಣ, ಕ್ಯಾಲೆಂಡರ್‌ನ ಟೈಮ್ ಯಾವ ಊರಿನದು ಅನ್ನುವುದು. ರೇಖಾಂಶದಲ್ಲಿ 1 ಡಿಗ್ರಿ ಪಡುವಣಕ್ಕೆ ಹೋದರೆ 4 ನಿಮಿಷ ತಡ. ಅಷ್ಟನ್ನೇ ಹಿಡಿದರೆ ಬೆಂಗಳೂರಿಗಿಂತ ಕೊಪ್ಪಳದಲ್ಲಿ ಸುಮಾರು 6 ನಿಮಿಷ ತಡ, ಮುಂಬೈಗಿಂತ ಸುಮಾರು 13 ನಿಮಿಷ ಬೇಗ. ರಾಯಚೂರಿಗೂ ಕೊಪ್ಪಳಕ್ಕೂ 5 ನಿಮಿಷದ ಆಸುಪಾಸು. ಚಂದ್ರ ತೆಂಕಣಕ್ಕೋ ಬಡಗಣಕ್ಕೋ ವಾಲಿದಂತೆ ಇದು ಕೆಲವು ನಿಮಿಷ ಹೆಚ್ಚುಕಡಿಮೆ ಆಗುತ್ತದೆ.

ಗುಡ್ಡದ ಮಾತು ಬಿಟ್ಟರೂ ಚಂದ್ರ ದಿನದಿಂದ ದಿನಕ್ಕೆ ತಡವಾಗಿ ಹುಟ್ಟುವುದಾದರೂ ಯಾಕೆ? ಜಾತ್ರೆಯಲ್ಲಿ ಜೊತೆಗಿದ್ದವರನ್ನು ಒಂದು ಕಡೆ ಬಿಟ್ಟು ನೀವು ಒಂದು ಸುತ್ತು ಹಾಕಿ ಬರುತ್ತೀರಿ. ಅಷ್ಟರಲ್ಲಿ ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ. ಅವರನ್ನು ಸೇರಲು ನೀವೂ ಆ ನಾಲ್ಕು ಹೆಜ್ಜೆ ನಡೆಯಬೇಕು. ಭೂಮಿಯ ಪಾಡೂ ಇದೇ. ಅದು ತನ್ನ ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ಸೂರ್ಯನಿಂದ ಸುಮಾರು 12 ಡಿಗ್ರಿ ಮುಂದೆ ಸರಿದಿರುತ್ತಾನೆ. ಅಷ್ಟು ತಿರುಗಲು ಭೂಮಿಗೆ ಸರಾಸರಿ 50 ನಿಮಿಷ ಬೇಕು. ಈ 12 ಡಿಗ್ರಿಯನ್ನೇ ನಮ್ಮ ಹಿರಿಯರು ತಿಥಿ ಎಂದು ಕರೆದರು. 30 ತಿಥಿ ಆದರೆ 360 ಡಿಗ್ರಿ, ಒಂದು ತಿಂಗಳು. ಅದು ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಪಂಚಾಂಗದ ಲೆಕ್ಕ ಎಷ್ಟು ಚೊಕ್ಕ ನೋಡಿ!

50 ನಿಮಿಷ ಅನ್ನುವುದು ಸರಾಸರಿ. ಚಂದ್ರನ ದಾರಿ ಸರಿಯಾದ ದುಂಡಲ್ಲ. ಭೂಮಿಗೆ ಹತ್ತಿರ ಬಂದಾಗ ಓಟ ಜೋರು, ದೂರ ಹೋದಾಗ ನಿಧಾನ. ಅದಕ್ಕೆ ಕೆಲವು ದಿನ 40 ನಿಮಿಷದ ಹತ್ತಿರ, ಕೆಲವು ದಿನ ಒಂದು ತಾಸಿನ ಹತ್ತಿರ ತಡವಾಗುತ್ತದೆ.

ಇದನ್ನು ನಿಮ್ಮ ಕೊಪ್ಪಳದ ಗವಿಮಠದ ಜಾತ್ರೆಯಲ್ಲೇ ನೋಡಬಹುದು. ತೇರು ಪುಷ್ಯ ಬಹುಳ ಬಿದಿಗೆಗೆ, ಅಂದರೆ ಹುಣ್ಣಿಮೆ ಕಳೆದ ಎರಡನೇ ತಿಥಿಗೆ, ಸಂಜೆ. ತೇರು ಎಳೆಯುವಾಗ ಚಂದ್ರ ಇರುವುದಿಲ್ಲ. ಹೊತ್ತು ಮುಳುಗಿ ಒಂದೂವರೆ, ಎರಡು ತಾಸಿಗೆ ಬರುತ್ತಾನೆ. ಇನ್ನೆರಡು ದಿನ ಕಳೆದು ಸಂಕಷ್ಟಿಯ ಚೌತಿಗೆ ಬಂದರೆ ರಾತ್ರಿ ಎಂಟೂವರೆ, ಒಂಬತ್ತು, ಕೆಲವು ತಿಂಗಳು ಹತ್ತರ ಹತ್ತಿರ.

ಗಣೇಶನ ಹಬ್ಬದ್ದೂ ಚೌತಿಯೇ. ಆದರೆ ಅದು ಅಮಾವಾಸ್ಯೆ ನಂತರದ್ದು. ಆ ಚಂದ್ರ ಹುಟ್ಟುವುದು ಬೆಳಗಿನ ಒಂಬತ್ತರ ಸುಮಾರಿಗೆ, ಬಿಸಿಲಿಗೆ ಕಣ್ಣಿಗೆ ಬೀಳುವುದಿಲ್ಲ. ಸಂಜೆ ಕತ್ತಲಾದಾಗ ಪಡುವಣದಲ್ಲಿ ಇಳಿಯುತ್ತಿರುತ್ತಾನೆ. ಸಂಕಷ್ಟಿಯಲ್ಲಿ ಕಾದು ನೋಡುವ ಚಂದ್ರ ಮೂಡಣದಲ್ಲಿ, ಹಬ್ಬದ ದಿನ ನೋಡಬಾರದು ಅನ್ನುವ ಚಂದ್ರ ಪಡುವಣದಲ್ಲಿ. ಚಿಕ್ಕಂದಿನಲ್ಲಿ ಇದು ನನಗೆ ದೊಡ್ಡ ಒಗಟಾಗಿತ್ತು.

ಉಳಿದದ್ದು ಸುಲಭ. ಅಮಾವಾಸ್ಯೆಗೆ ಚಂದ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾನೆ. ಶುಕ್ಲ ಅಷ್ಟಮಿಗೆ ಮಧ್ಯಾಹ್ನ ಹುಟ್ಟಿ ನಡುರಾತ್ರಿ ಮುಳುಗುತ್ತಾನೆ. ಬಹುಳ ಅಷ್ಟಮಿಗೆ ನಡುರಾತ್ರಿ ಹುಟ್ಟಿ ಮರುದಿನ ಮಧ್ಯಾಹ್ನದವರೆಗೂ ಇರುತ್ತಾನೆ. ಆ ಅಷ್ಟಮಿ ಆಸುಪಾಸಿನಲ್ಲಿ ಒಂದು ತಾರೀಖಿಗೆ ಚಂದ್ರೋದಯದ ಜಾಗ ಖಾಲಿ ಇರುತ್ತದೆ. ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಒಂದು ರಾತ್ರಿ 11:40ಕ್ಕೆ ಹುಟ್ಟಿದ ಚಂದ್ರ ಮುಂದಿನ ಸಲ ಹುಟ್ಟುವಾಗ 12 ದಾಟಿರುತ್ತದೆ. ನಡುವಿನ ತಾರೀಖಿಗೆ ಚಂದ್ರೋದಯವೇ ಇಲ್ಲ.

ಇನ್ನು ಮುಂದಿನ ಸಂಕಷ್ಟಿಗಳಲ್ಲಿ ಕ್ಯಾಲೆಂಡರ್‌ನ ಅದೇ ಮನೆಯಲ್ಲಿ ಚಂದ್ರ ನಿಮ್ಮ ಮಾಳಿಗೆಗೆ ನಿಜಕ್ಕೂ ಕಂಡ ಟೈಮ್ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳ ಸಂಕಷ್ಟಿಗೂ ಆ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಡುಗೆಗೆ ಯಾವಾಗ ಕೂರಬೇಕು ಅನ್ನುವುದೂ ಗೊತ್ತಾಗುತ್ತದೆ.