ಟೈಟ್ ಮಾಡಿದರೆ ಲೀಕ್ ನಿಲ್ಲಲ್ಲ

ನಮ್ಮ ಗ್ಯಾರೇಜಿಗೆ ಬರುವ ಕೆಲಸಗಳಲ್ಲಿ ನನಗೆ ನಿಜವಾಗಿ ಸಿಟ್ಟು ತರಿಸುವುದು ಒಂದೇ. ಬೈಕ್ ಎಂಜಿನ್ ಅಡಿಯ, ಹಳೇ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ಥ್ರೆಡ್, ಅಂದರೆ ತಿರುಪಿನ ಗೆರೆ, ಹೋಗಿರುವುದು. ತಾನಾಗಿ ಸವೆದು ಹೋಗಿದ್ದಲ್ಲ, ಯಾರೋ ತಿರುಗಿಸಿ ತಿರುಗಿಸಿ ಕಿತ್ತಿದ್ದು. ಮನೆಯಲ್ಲೇ ಆಯಿಲ್ ಚೇಂಜ್ ಮಾಡಿರುತ್ತಾರೆ. ಒಳ್ಳೆಯದು, ಮಾಡಲಿ, ಅದೇನು ಬ್ರಹ್ಮವಿದ್ಯೆ ಅಲ್ಲ. ಮರುದಿನ ಗಾಡಿ ಕೆಳಗೆ ಎರಡು ಹನಿ ಬಿದ್ದಿರುತ್ತದೆ. ಸ್ಪ್ಯಾನರ್ ತಗೊಂಡು ಇನ್ನಷ್ಟು ಟೈಟ್. ಮತ್ತೆ ಹನಿ. ಈ ಸಲ ಸ್ಪ್ಯಾನರಿಗೆ ಪೈಪ್ ತೂರಿಸಿ ಟೈಟ್. ಕೊನೆಗೆ ಬೋಲ್ಟ್ ಸುಮ್ನೆ ಗಿರಗಿರ ತಿರುಗುತ್ತದೆ, ಆಗ ನಮಗೆ ಫೋನ್.

ಹನಿ ಬೀಳುವುದು ಬೋಲ್ಟ್ ಲೂಸ್ ಆಗಿದ್ದಕ್ಕೆ ಅಂತ ಎಲ್ಲರೂ ತಿಳಿದಿದ್ದಾರೆ. ಬಹುತೇಕ ಸಲ ತಪ್ಪು ಬೋಲ್ಟಿನ ತಲೆಯ ಕೆಳಗೆ ಕೂರುವ ತೆಳು ಬಳೆಯಂಥ ವಾಷರ್‌ದು. ತಾಮ್ರದ್ದೋ ಅಲ್ಯೂಮಿನಿಯಂದೋ, ಅದು ಮೆತ್ತಗಿನ ಲೋಹ. ಮೊದಲ ಸಲ ಒತ್ತಿದಾಗ ಚಪ್ಪಟೆಯಾಗಿ ಎರಡೂ ಕಡೆಗೆ ಕಚ್ಚಿ ಕೂರುತ್ತದೆ. ಆಯಿಲ್ ತಡೆಯುವುದು ಅದು, ಥ್ರೆಡ್ ಅಲ್ಲ. ಅದೇ ಹಳೇ ವಾಷರನ್ನು ಮತ್ತೆ ಮತ್ತೆ ಹಾಕಿದರೆ ಒತ್ತುವುದಕ್ಕೆ ಅದರಲ್ಲಿ ಏನು ಉಳಿದಿರುತ್ತದೆ? ಕುಕ್ಕರಿನ ಪಕ್ಕದಿಂದ ಆವಿ ಬಂದರೆ ಗ್ಯಾಸ್ಕೆಟ್ ಬದಲಾಯಿಸುತ್ತೀರೋ, ಮುಚ್ಚಳದ ಮೇಲೆ ಹತ್ತಿ ಕೂರುತ್ತೀರೋ? ಆಯಿಲ್ ಬದಲಾಯಿಸಿದಾಗೆಲ್ಲ ವಾಷರೂ ಹೊಸದು ಹಾಕಿ. ಹಾಕುವ ಮುಂಚೆ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಹನಿ ಬರುತ್ತದೆ.

ಈಗ ಎಷ್ಟು ಟೈಟ್ ಅನ್ನುವ ಮಾತು. ಇದನ್ನು ಎಷ್ಟು ಸಲ ಹೇಳಿದ್ದೇನೋ, ಇನ್ನೊಂದು ಸಲ ಹೇಳುತ್ತೇನೆ. ಬೋಲ್ಟ್ ಟೈಟ್ ಮಾಡುವುದು ಅಂದರೆ ಬೋಲ್ಟನ್ನು ಎಳೆದು ಉದ್ದ ಮಾಡುವುದು. ಕಣ್ಣಿಗೆ ಕಾಣದಷ್ಟು ಉದ್ದ, ಆದರೆ ಉದ್ದವಂತೂ ಆಗುತ್ತದೆ. ಎಳೆದ ಬೋಲ್ಟ್ ವಾಪಸ್ ಚಿಕ್ಕದಾಗಲು ನೋಡುತ್ತದೆ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ನಾವು ಹಾಕುವ ಬಲದಲ್ಲಿ ಹೆಚ್ಚುಕಮ್ಮಿ ಶೇ 10 ಮಾತ್ರ ಈ ಎಳೆತಕ್ಕೆ ಹೋಗುತ್ತದೆ, ಉಳಿದಿದ್ದೆಲ್ಲ ಬೋಲ್ಟಿನ ತಲೆಯ ಕೆಳಗೆ ಮತ್ತು ಥ್ರೆಡ್‌ನಲ್ಲಿ ತಿಕ್ಕಾಟಕ್ಕೇ ಖರ್ಚು. ಹಾಗಾಗಿ ಕೈಗೆ 'ಗಟ್ಟಿಯಾಯಿತು' ಅನ್ನಿಸುವುದು ಎಳೆತವಲ್ಲ, ತಿಕ್ಕಾಟ. ಒಣಗಿದ ಥ್ರೆಡ್‌ಗೆ ಹೇಳಿದ ಲೆಕ್ಕವನ್ನೇ ಆಯಿಲ್ ಹಚ್ಚಿದ ಥ್ರೆಡ್‌ಗೆ ಹಾಕಿದರೆ ಎಳೆತ ಜಾಸ್ತಿಯಾಗುವುದೂ ಇದಕ್ಕೇ.

100ರಿಂದ 150 ಸಿಸಿಯ ಎಷ್ಟೋ ಗಾಡಿಗಳಲ್ಲಿ ಡ್ರೈನ್ ಬೋಲ್ಟ್ 12 ಎಂಎಂ ದಪ್ಪ, ಟಾರ್ಕ್, ಅಂದರೆ ತಿರುಗಿಸುವ ಬಲ, 25 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಗಾಡಿಯದ್ದು ಬೇರೆ ಇರಬಹುದು, ಮ್ಯಾನ್ಯುಯಲ್ ನೋಡಿ, ನನ್ನ ಮಾತಿನ ಮೇಲೆ ಹೋಗಬೇಡಿ. 20 ಸೆಂಟಿಮೀಟರ್ ಉದ್ದದ ರಿಂಗ್ ಸ್ಪ್ಯಾನರ್ ತುದಿಯಲ್ಲಿ 12-13 ಕಿಲೋ ಒತ್ತಿದರೆ 25 ಆಯಿತು, ಅಷ್ಟೇ. ಅಷ್ಟಕ್ಕೇ ಆ ಬೋಲ್ಟ್ ಹತ್ತಿರ ಹತ್ತಿರ ಒಂದು ಟನ್ ಬಲದಲ್ಲಿ ಹಿಡಿದಿರುತ್ತದೆ. ನೀವು ಮೈಭಾರ ಬಿಟ್ಟು 40 ಕಿಲೋ ಒತ್ತಿದರೆ 80ರ ಹತ್ತಿರ ಹೋಯಿತು. ಅದಕ್ಕೆ ಪೈಪ್ ತೂರಿಸಿ ಒಟ್ಟು ಉದ್ದ ಅರ್ಧ ಮೀಟರ್ ಮಾಡಿದರೆ 200. ಬೋಲ್ಟ್ ಸ್ಟೀಲಿನದ್ದು, ಎಂಜಿನ್ ಕೇಸ್ ಅಲ್ಯೂಮಿನಿಯಂದು. ಮೊದಲು ಸೋಲುವುದು ಯಾವುದು ಅಂತ ಬೇರೆ ಹೇಳಬೇಕಾ?

ನಮ್ಮ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಬಸ್ ಡ್ರೈವರ್ ಇದ್ದಾರೆ, ಒಳ್ಳೆಯ ಮನುಷ್ಯ. ಗಾಡಿ ಬಿಟ್ಟು ಹೋಗುವವರಲ್ಲ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ನಾನು ಸ್ಪ್ಯಾನರ್ ಕೆಳಗಿಟ್ಟರೆ ಸಾಕು, "ಅಷ್ಟೇನಾ? ಇನ್ನೊಂದು ಎಳೆತ ಎಳಿಯಪ್ಪಾ" ಅಂತಾರೆ. ಅವರದ್ದೂ ತಪ್ಪಲ್ಲ. ಜೀವನಪೂರ್ತಿ ನೋಡಿದ್ದು ಬಸ್ಸಿನ ವೀಲ್ ನಟ್. ಅದಕ್ಕೆ ಉದ್ದದ ರಾಡ್ ಹಾಕಿ, ಮೇಲೆ ಕಾಲಿಟ್ಟು ನಿಂತು ತುಳಿಯುತ್ತಾರೆ. ದೊಡ್ಡ ಗಾಡಿಗಳಲ್ಲಿ ಆ ಲೆಕ್ಕ 500 ನ್ಯೂಟನ್ ಮೀಟರ್ ದಾಟುತ್ತದೆ, ನಟ್ ಕೂರುವ ಸ್ಟಡ್ಡೂ ಸ್ಟೀಲ್, ನಟ್ಟೂ ಸ್ಟೀಲ್. ಆ ಕೈಯನ್ನು ಎಂಜಿನ್ ಕವರಿನ 6 ಎಂಎಂ ಬೋಲ್ಟಿಗೆ ತಂದರೆ ಏನಾಗಬೇಕು? ಅದಕ್ಕೆ ಬೇಕಾದ್ದು 10 ಸುಮಾರು. ಮೊನ್ನೆ ಮೊನ್ನೆ ಅವರಿಗೇ ಟಾರ್ಕ್ ರೆಂಚ್ (ಸೆಟ್ ಮಾಡಿದಷ್ಟು ಟಾರ್ಕ್ ಬಂದ ತಕ್ಷಣ ಕಟಕ್ ಅನ್ನುವ ಸ್ಪ್ಯಾನರ್) ಕೊಟ್ಟು 10ಕ್ಕೆ ಸೆಟ್ ಮಾಡಿ ಎಳೆಯಲು ಹೇಳಿದೆ. ಕಟಕ್ ಅಂದಾಗ ನನ್ನ ಮುಖ ನೋಡಿ, "ಕೆಟ್ಟುಹೋಗಿದೆ ಇದು" ಅಂದರು.

ಟಾರ್ಕ್ ರೆಂಚ್ ತಗೊಳ್ಳಿ ಅಂದರೆ ಕೆಲವರು ಆನ್‌ಲೈನಲ್ಲಿ 40ರಿಂದ 210ರ ತನಕ ಇರುವ ದೊಡ್ಡದನ್ನು ತರಿಸುತ್ತಾರೆ, ದೊಡ್ಡದಿದ್ದರೆ ಎಲ್ಲಕ್ಕೂ ಆಗುತ್ತಲ್ವಾ ಅಂತ. ಆಗಲ್ಲ. ನಿಮ್ಮ ಡ್ರೈನ್ ಬೋಲ್ಟ್ ಅದರ ಲೆಕ್ಕಕ್ಕೇ ಸಿಗುವುದಿಲ್ಲ. 5ರಿಂದ 25ರ ಚಿಕ್ಕದು ತಗೊಂಡರೂ 25 ಅದರ ಕೊನೆಯ ಗೆರೆ. 10ರಿಂದ 50ರ ಹತ್ತಿರದ್ದಾದರೆ ಮನೆಕೆಲಸಕ್ಕೆ ಸಾಕು. ಕಟಕ್ ಅಂದ ಮೇಲೆ ಕೈ ತೆಗೆಯಿರಿ. ರೆಂಚ್ ಬರೀ ಸದ್ದು ಮಾಡುತ್ತದೆ, ನಿಮ್ಮ ಕೈ ಹಿಡಿದು ನಿಲ್ಲಿಸುವುದಿಲ್ಲ. ಖಾತ್ರಿಗೆ ಅಂತ ಇನ್ನೊಂದು ಕಟಕ್, ಮತ್ತೊಂದು ಕಟಕ್ ಮಾಡಿದರೆ ಪ್ರತಿ ಸಲ ಒಂದಿಷ್ಟು ಜಾಸ್ತಿ ಆಗುತ್ತಾ ಹೋಗಬಹುದು. ಅದರಲ್ಲಿ ಬೋಲ್ಟ್ ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಕೆಳಗಿನ ಗೆರೆಗೆ ಇಳಿಸಿಡಿ, ಒಳಗಿನ ಸ್ಪ್ರಿಂಗ್ ಬಾಳಿಕೆ ಬರಬೇಕಲ್ಲ.

ಲಡಾಖ್‌ಗೆ ಹೊರಡುವ ಹುಡುಗರದ್ದು ಇನ್ನೊಂದು ಕಥೆ. ಹೊರಡುವ ಹಿಂದಿನ ರಾತ್ರಿ ಸ್ಪ್ಯಾನರ್ ಹಿಡಿದು ಗಾಡಿ ಸುತ್ತ ಒಂದು ಪ್ರದಕ್ಷಿಣೆ, ಕಂಡ ಬೋಲ್ಟಿಗೆಲ್ಲ ಒಂದೊಂದು ಎಳೆತ. ಚೆಕ್ ಮಾಡಿದ್ದು ಸಾರ್ ಅಂತಾರೆ. ಅದು ಚೆಕ್ ಅಲ್ಲಪ್ಪಾ, ಸರಿಯಾಗಿದ್ದದ್ದನ್ನೂ ಇನ್ನಷ್ಟು ಎಳೆದದ್ದು. ಸರಿಯಾಗಿ ಟೈಟ್ ಮಾಡಿದ ಬೋಲ್ಟಿನ ತಲೆಯಿಂದ ಪಕ್ಕದ ಲೋಹದ ತನಕ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಬೋಲ್ಟ್ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ದಾರಿಯಲ್ಲಿ ಚಹಾ ಕುಡಿಯುತ್ತಾ ಬಗ್ಗಿ ನೋಡಿದರೆ ಆಯಿತು.

ಇದನ್ನು ಓದಿ ಎಲ್ಲವನ್ನೂ ಮೆತ್ತಗೆ ಬಿಟ್ಟೀರಿ, ಜೋಕೆ. ಹಿಂದಿನ ಆಕ್ಸಲ್ ನಟ್ಟಿಗೆ ಡ್ರೈನ್ ಬೋಲ್ಟಿನ ಎರಡು ಮೂರು ಪಟ್ಟು ಬೇಕಾಗುತ್ತದೆ. ಬ್ರೇಕ್ ಕ್ಯಾಲಿಪರ್, ಡಿಸ್ಕ್ ಬೋಲ್ಟ್, ಹ್ಯಾಂಡಲ್ ಕ್ಲಾಂಪ್, ಇವಕ್ಕೆ ಅಂದಾಜು ನಡೆಯಲ್ಲ. ಎಳೆತ ಕಮ್ಮಿಯಾದ ಬೋಲ್ಟ್ ಅಲುಗಾಟಕ್ಕೆ ದಣಿದು ತುಂಡಾಗುವುದೂ ಉಂಟು. ಮ್ಯಾನ್ಯುಯಲ್ಲೂ ಇಲ್ಲ, ರೆಂಚೂ ಇಲ್ಲ ಅಂದರೆ ಆ ಜಾಗ ಮುಟ್ಟಬೇಡಿ.

ಥ್ರೆಡ್ ಹೋಗುವ ಮುಂಚೆ ಕೈಗೆ ಒಂದು ಸುಳಿವು ಸಿಗುತ್ತದೆ. ಗಟ್ಟಿಯಾಗುತ್ತಾ ಬಂದ ಬೋಲ್ಟ್ ಇದ್ದಕ್ಕಿದ್ದಂತೆ ಮೆತ್ತಗಾಗಿ, ಬೆಣ್ಣೆಯಲ್ಲಿ ತಿರುಗಿದ ಹಾಗೆ ಸಲೀಸಾಗಿ ಸರಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ಟೆಫ್ಲಾನ್ ಟೇಪು, ಎಂಸೀಲು ಏನೂ ಬೇಡ. ಆಯಿಲ್ ಇಳಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಗಾಡಿ ತಳ್ಳಿಕೊಂಡೋ ಟೆಂಪೋದಲ್ಲೋ ತನ್ನಿ. ಹಳೇ ಥ್ರೆಡ್ ಕೊರೆದು ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗುವ ತಂತಿಯ ಸುರುಳಿ, ಕೂರಿಸಬಹುದು, ಕೇಸ್ ಬಿರುಕು ಬಿಡದಿದ್ದರೆ ಸಾಮಾನ್ಯವಾಗಿ ಅಷ್ಟರಲ್ಲೇ ಮುಗಿಯುತ್ತದೆ. ಕಿತ್ತು ಬಂದ ಬೋಲ್ಟನ್ನು ಮಾತ್ರ ಒರೆಸಬೇಡಿ, ಹಾಗೇ ತನ್ನಿ. ಅದಕ್ಕೆ ಬಳ್ಳಿಯಂತೆ ಸುತ್ತಿಕೊಂಡ ಅಲ್ಯೂಮಿನಿಯಂ ನೋಡಿದರೆ ಒಳಗೆ ಎಷ್ಟು ಸುತ್ತು ಥ್ರೆಡ್ ಉಳಿದಿರಬಹುದು ಅಂತ ನಮಗೆ ಅಂದಾಜು ಸಿಗುತ್ತದೆ.